ಲೆಕ್ಚರರ್‌ಗಳಿಗೆ ಆನ್‌ಲೈನ್ ಕೋರ್ಸ್ ಕಟ್ಟಲು ಕಲಿಸಬೇಕಾ? ಮೊದಲು ಅವರನ್ನು ವಿದ್ಯಾರ್ಥಿಗಳನ್ನಾಗಿ ಮಾಡಿ

ಪ್ರಿನ್ಸಿಪಾಲರು ಕರೆದು "ಈ ಸಲದ ಎಫ್‌ಡಿಪಿ (ಅಧ್ಯಾಪಕರ ತರಬೇತಿ) ನೀವೇ ನೋಡಿಕೊಳ್ಳಿ, ಆನ್‌ಲೈನ್ ಕೋರ್ಸ್ ಡಿಸೈನ್ ಬಗ್ಗೆ ಇರಲಿ" ಎಂದಿದ್ದಾರಾ? ಹಾಗಾದರೆ ಇದು ನಿಮಗೆ. ಮಂಗಳೂರು, ಉಡುಪಿ ಕಡೆಯ ಡಿಗ್ರಿ ಕಾಲೇಜುಗಳಲ್ಲಿ, ವಿವಿಯ ವಿಭಾಗಗಳಲ್ಲಿ ಇಂಥ ತರಬೇತಿ ನಡೆಸುವವರಿಗೆಂದೇ ಬರೆಯುತ್ತಿದ್ದೇನೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಐದು ದಿನ ಗೂಗಲ್ ಮೀಟ್. ದಿನಕ್ಕೊಬ್ಬ ಸಂಪನ್ಮೂಲ ವ್ಯಕ್ತಿ. ಸ್ವಾಗತ, ಪರಿಚಯ, ಉದ್ದದ ಪಿಪಿಟಿ, ವಂದನಾರ್ಪಣೆ, ಫೀಡ್‌ಬ್ಯಾಕ್ ಫಾರ್ಮ್, ಸರ್ಟಿಫಿಕೇಟ್. ಯಾವ ಬಟನ್ ಎಲ್ಲಿದೆ ಎಂದು ತೋರಿಸಿರುತ್ತಾರೆ, ಮುಗಿದ ಮೇಲೆ ಮಾತ್ರ ಯಾರ ಕೈಯಲ್ಲೂ ಒಂದು ಪಾಠವೂ ತಯಾರಾಗಿರುವುದಿಲ್ಲ. ಅದು ಲೆಕ್ಚರರ್‌ಗಳ ತಪ್ಪಲ್ಲ. ಅವರಿಗೆ ಮಾಡಲು ಕೆಲಸವನ್ನೇ ಕೊಟ್ಟಿರುವುದಿಲ್ಲ.

ನಾನು ಹೇಳುವ ದಾರಿ ಬೇರೆ. ತರಬೇತಿಯೇ ಒಂದು ಆನ್‌ಲೈನ್ ಕೋರ್ಸ್ ಆಗಿರಲಿ, ಲೆಕ್ಚರರ್‌ಗಳು ಅದರಲ್ಲಿ ವಿದ್ಯಾರ್ಥಿಗಳಾಗಿ ಕೂರಲಿ, ಕೊನೆಗೆ ಪ್ರತಿಯೊಬ್ಬರ ಬಳಿಯೂ ತಮ್ಮ ಸ್ವಂತ ವಿಷಯದ ಒಂದು ವಾರದ ಪಾಠ ತಯಾರಿರಲಿ, ಅದನ್ನು ನಿಜವಾದ ಮೂವರು ವಿದ್ಯಾರ್ಥಿಗಳು ಮಾಡಿ ನೋಡಿರಲಿ. ಇಷ್ಟೇ ಗುರಿ. ಪೂರ್ತಿ ಪೇಪರ್ ಬೇಡ, ಒಂದು ವಾರದ ಪಾಠ ಸಾಕು. ಒಂದನ್ನು ಸರಿಯಾಗಿ ಕಟ್ಟಿದವರು ಉಳಿದದ್ದನ್ನು ತಾವೇ ಕಟ್ಟುತ್ತಾರೆ.

ಐದು ದಿನ ಬೇಡ, ಆರು ವಾರ ಇಡಿ

ಗಾಬರಿ ಬೇಡ, ಒಟ್ಟು ಗಂಟೆ ಜಾಸ್ತಿ ಆಗುವುದಿಲ್ಲ. ವಾರಕ್ಕೆ ನಾಲ್ಕು ಗಂಟೆ ಕೆಲಸ, ಅದರಲ್ಲಿ ಒಂದೇ ಒಂದು ಗಂಟೆ ಲೈವ್. ಉಳಿದದ್ದು ಅವರವರ ಬಿಡುವಿನಲ್ಲಿ.

ಕಾರಣ ನಮ್ಮ ಊರಿನಲ್ಲೇ ಉಂಟು. ಮಂಗಳೂರು ವಿವಿ 1980ರಲ್ಲಿ ಕೊಣಾಜೆಯಲ್ಲಿ ಶುರುವಾಯಿತು. ಅದರ ಕಾಲೇಜುಗಳು ಬೈಂದೂರಿನಿಂದ ಸುಳ್ಯದವರೆಗೆ ಹರಡಿವೆ. ಬೈಂದೂರಿನವರು ಒಂದು ಕಾರ್ಯಾಗಾರಕ್ಕೆ ಕೊಣಾಜೆಗೆ ಬರಬೇಕೆಂದರೆ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ, ಬಸ್ಸಲ್ಲೇ ದಿನ ಮುಗಿಯುತ್ತದೆ. ಆನ್‌ಲೈನ್ ಮಾಡಿದರೂ ಎಲ್ಲವನ್ನೂ ಲೈವ್ ಮಾಡಿದರೆ ಇನ್ನೊಂದು ತೊಂದರೆ. ಜೂನ್, ಜುಲೈಯಲ್ಲಿ ರೆಡ್ ಅಲರ್ಟ್ ಬಂದು ಹಿಂದಿನ ರಾತ್ರಿ ಡಿಸಿ ರಜೆ ಘೋಷಿಸುತ್ತಾರೆ, ಹೆಬ್ರಿ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಹೇಳಲಾಗುವುದಿಲ್ಲ, ಟವರ್ ಕೂಡ ಅದರ ಜೊತೆಗೇ ಹೋಗುತ್ತದೆ, ನೀವು ಬೆಳಿಗ್ಗೆ ಹತ್ತಕ್ಕೆ ಇಟ್ಟ ಲೈವ್ ಕ್ಲಾಸಿಗೆ ಅರ್ಧ ಜನ ಇರುವುದಿಲ್ಲ. ಇದನ್ನು ತಡೆದುಕೊಳ್ಳುವ ಹಾಗೆ ಕೋರ್ಸ್ ಕಟ್ಟುವುದೇ ಲೆಕ್ಚರರ್‌ಗಳು ಕಲಿಯಬೇಕಾದ ಮೊದಲ ವಿದ್ಯೆ. ಹಾಗಾಗಿ ಮಳೆಗಾಲದಲ್ಲೇ ತರಬೇತಿ ಇಟ್ಟರೂ ತಪ್ಪಿಲ್ಲ. ಇಂಟರ್ನಲ್ಸ್ ವಾರ, ವ್ಯಾಲ್ಯುವೇಷನ್ ಸಮಯ ಮಾತ್ರ ಬಿಟ್ಟುಬಿಡಿ.

"ಇದೆಲ್ಲ ಎಂತಕ್ಕೆ, ಕೋವಿಡ್ ಮುಗಿಯಿತಲ್ಲ" ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಎರಡು ವಿಷಯ ಹೇಳಿ. ಒಂದು, ಕೇಂದ್ರ ಸರಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ಸ್ವಯಂ 2017ರಿಂದ ನಡೆಯುತ್ತಿದೆ, ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇ. 40ರವರೆಗೆ ಅಲ್ಲಿಂದ ತೆಗೆದುಕೊಳ್ಳಲು ವಿವಿಗಳು ಬಿಡಬಹುದು. ನಮ್ಮ ಮಕ್ಕಳು ಹೊರಗಿನ ಆನ್‌ಲೈನ್ ಕೋರ್ಸ್ ನೋಡುತ್ತಾರೆ, ನಮ್ಮದರ ಜೊತೆ ಹೋಲಿಸುತ್ತಾರೆ. ಎರಡು, ಸಿಲಬಸ್. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಲ್ಲಿ ಬದಲಾಯಿತು, 2024-25ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದಾಗ ಇನ್ನೊಮ್ಮೆ ಬದಲಾಯಿತು. ಪ್ರತಿ ಸಲ ನೋಟ್ಸ್ ಬರೆದು ಸುಸ್ತಾದವರಿಗೆ, ಪಾಠವನ್ನು ಸಣ್ಣ ಸಣ್ಣ ತುಂಡುಗಳಾಗಿ ಕಟ್ಟಿಟ್ಟುಕೊಂಡರೆ ಸಿಲಬಸ್ ಬದಲಾದರೂ ಮುಕ್ಕಾಲು ಭಾಗ ಉಳಿಯುತ್ತದೆ ಎಂದರೆ ಕೂಡಲೇ ಅರ್ಥವಾಗುತ್ತದೆ.

ಯಾರನ್ನು ಸೇರಿಸಬೇಕು, ಏನು ಕೇಳಬೇಕು

ಹದಿನೈದು, ಜಾಸ್ತಿ ಎಂದರೆ ಇಪ್ಪತ್ತು ಜನ. ಅದಕ್ಕಿಂತ ಹೆಚ್ಚಾದರೆ ಒಬ್ಬೊಬ್ಬರ ಕೆಲಸ ನೋಡಲು ನಿಮಗೆ ಆಗುವುದಿಲ್ಲ, ಆಗ ಅದು ಮತ್ತೆ ಭಾಷಣವೇ ಆಗುತ್ತದೆ. ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಲು ಇಬ್ಬಿಬ್ಬರ ಜೋಡಿ ಮಾಡುವಾಗ ಒಂದೇ ವಿಭಾಗದವರನ್ನು ಸೇರಿಸಬೇಡಿ. ಕಾಮರ್ಸ್‌ನವರ ಜೊತೆ ಕೆಮಿಸ್ಟ್ರಿಯವರು ಇರಲಿ. ವಿಷಯ ಗೊತ್ತಿದ್ದವರು ಬಿಟ್ಟುಹೋದ ಮೆಟ್ಟಿಲನ್ನು ಮನಸ್ಸಿನಲ್ಲೇ ತುಂಬಿಸಿಕೊಂಡು ಓದುತ್ತಾರೆ, ಗೊತ್ತಿಲ್ಲದವರು ಅಲ್ಲೇ ನಿಲ್ಲುತ್ತಾರೆ. ನಮಗೆ ಬೇಕಾದದ್ದು ಆ ನಿಲ್ಲುವ ಜಾಗ.

ಅತಿಥಿ ಉಪನ್ಯಾಸಕರನ್ನು ದಯವಿಟ್ಟು ಬಿಡಬೇಡಿ. ಎಷ್ಟೋ ಕಾಲೇಜುಗಳಲ್ಲಿ ತರಗತಿ ನಡೆಯುತ್ತಿರುವುದೇ ಅವರಿಂದ. ಅವರು ಕಟ್ಟಿದ ಪಾಠದ ಮೇಲೆ ಅವರ ಹೆಸರು ಇರುತ್ತದೆ, ಮುಂದಿನ ವರ್ಷ ಅವರು ಬೇರೆ ಕಾಲೇಜಿಗೆ ಹೋದರೆ ಅದರ ಪ್ರತಿ ಅವರೊಂದಿಗೇ ಹೋಗುತ್ತದೆ ಎಂದು ಮೊದಲ ದಿನವೇ ಬರಹದಲ್ಲಿ ಕೊಡಿಸಿ. ಇದನ್ನು ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. ಬೇರೆಯವರ ಶ್ರಮದಿಂದ ಕಾಲೇಜಿನ ಫೈಲ್ ತುಂಬಿಸಿಕೊಳ್ಳುವುದು ಸರಿಯಲ್ಲ.

ನೋಂದಣಿ ಫಾರ್ಮ್‌ನಲ್ಲಿ "ನಿಮಗೆ ಮೂಡಲ್ (ಆನ್‌ಲೈನ್ ಕೋರ್ಸ್ ಕಟ್ಟುವ ತಂತ್ರಾಂಶ) ಬರುತ್ತದಾ" ಎಂದು ಕೇಳಬೇಡಿ. ನಾಚಿಕೆಗೆ ಎಲ್ಲರೂ "ಸ್ವಲ್ಪ ಬರುತ್ತದೆ" ಎಂದು ಬರೆಯುತ್ತಾರೆ. ಬದಲಿಗೆ ಮೂರು ಪ್ರಶ್ನೆ ಕೇಳಿ: ನಿಮ್ಮ ಪೇಪರ್‌ನಲ್ಲಿ ಮಕ್ಕಳು ಪ್ರತಿ ವರ್ಷ ಎಡವುವ ಯೂನಿಟ್ ಯಾವುದು, ನಿಮ್ಮ ತರಗತಿಯಲ್ಲಿ ಎಷ್ಟು ಜನರಿಗೆ ಮೊಬೈಲ್ ಮಾತ್ರ ಇದೆ, ವಾರದಲ್ಲಿ ಯಾವ ಒಂದು ಗಂಟೆ ನಿಮಗೆ ಯಾರೂ ತೊಂದರೆ ಕೊಡುವುದಿಲ್ಲ. ಮೊದಲ ಪ್ರಶ್ನೆಯ ಉತ್ತರವೇ ಅವರು ಕಟ್ಟಬೇಕಾದ ಪಾಠ. ಮೂರನೆಯದನ್ನು ನೋಡಿ ಲೈವ್ ಸಮಯ ಇಡಿ. ಸಂಜೆ ಏಳಕ್ಕೆ ಇಟ್ಟರೆ ಅಡುಗೆ ಮನೆಯಲ್ಲಿರುವ ಮೇಡಂಗಳು ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾರೆ, ಅಷ್ಟೇ. ಟೈಮ್‌ಟೇಬಲ್‌ನಲ್ಲೇ ವಾರಕ್ಕೆ ಎರಡು ಅವಧಿ ಬಿಡಿಸಿಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿ ನೋಡಿ. ಕೊಟ್ಟರೆ ಕೆಲಸ ಅರ್ಧ ಆದ ಹಾಗೆ.

ವೇದಿಕೆ ಯಾವುದು ಎಂಬ ಚರ್ಚೆಯನ್ನು ಹತ್ತು ನಿಮಿಷದಲ್ಲಿ ಮುಗಿಸಿ. ಕಾಲೇಜಿನಲ್ಲಿ ಮೂಡಲ್ ಇದ್ದರೆ ಮೂಡಲ್. ಅದು 2002ರಿಂದ ಇದೆ, ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ್ದು, ಉಚಿತ. ಇಲ್ಲದಿದ್ದರೆ ಗೂಗಲ್ ಕ್ಲಾಸ್‌ರೂಮ್. ಮೂರನೆಯದು ಬೇಡ.

ಮೊದಲ ವಾರ: ಹೆಂಚಿನ ಪಾಠ

ಮೊದಲ ವಾರ ಅವರ ವಿಷಯ ಮುಟ್ಟಬೇಡಿ. ಅವರ್ಯಾರೂ ಪಾಠ ಮಾಡದ ಒಂದು ಸಣ್ಣ ವಿಷಯದ ಮೇಲೆ ನೀವೇ ಒಂದು ಪಾಠ ಕಟ್ಟಿ, ಅವರನ್ನು ವಿದ್ಯಾರ್ಥಿಗಳಾಗಿ ಸೇರಿಸಿ. ನನಗೆ ಹಿಡಿಸಿದ ವಿಷಯ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಜಾರ್ಜ್ ಪ್ಲೆಬ್‌ಸ್ಟ್ ಎನ್ನುವವರು ಅದರ ಹಿಂದಿದ್ದರು. ನದಿ ದಂಡೆಯ ಜೇಡಿಮಣ್ಣು, ಒಂದಕ್ಕೊಂದು ಕೂರುವ ಕಟ್ಟು, ಇಷ್ಟು ಮಳೆಗೂ ಸೋರದ ಮಾಡು. ಐದು ನಿಮಿಷದ ವಿಡಿಯೊ, ಒಂದು ಪುಟ ಓದು, ನಾಲ್ಕು ಪ್ರಶ್ನೆಯ ಕ್ವಿಜ್ ಸಾಕು.

ಆಮೇಲೆ ಎರಡು ಅಸೈನ್‌ಮೆಂಟ್ ಕೊಡಿ. ಮೊದಲನೆಯದು ಹೀಗಿರಲಿ: "ನಿಮ್ಮ ಮನೆ ಅಥವಾ ನೆರೆಮನೆಯಲ್ಲಿ ಒಂದು ಹಳೆ ಹೆಂಚು ಹುಡುಕಿ. ಅದರ ಮೇಲೆ ಒತ್ತಿರುವ ಕಂಪೆನಿ ಹೆಸರು ಕಾಣುವಂತೆ ಫೋಟೊ ತೆಗೆಯಿರಿ. ಆ ಮನೆ ಕಟ್ಟಿದ್ದು ಸುಮಾರು ಯಾವಾಗ ಎಂದು ಮನೆಯವರನ್ನು ಕೇಳಿ. ಫೋಟೊ ಮತ್ತು ನೂರು ಪದಗಳ ಟಿಪ್ಪಣಿಯನ್ನು ಶನಿವಾರ ರಾತ್ರಿ ಒಂಬತ್ತರ ಒಳಗೆ ಇಲ್ಲಿ ಹಾಕಿ. ಹತ್ತು ಅಂಕ: ಫೋಟೊಗೆ ಮೂರು, ಕೇಳಿ ತಿಳಿದದ್ದಕ್ಕೆ ನಾಲ್ಕು, ಬರಹಕ್ಕೆ ಮೂರು." ಎರಡನೆಯದು ಬೇಕೆಂದೇ ಹೀಗಿರಲಿ: "ಹೆಂಚು ಉದ್ಯಮದ ಬಗ್ಗೆ ಬರೆಯಿರಿ."

ಎರಡನೆಯದಕ್ಕೆ ಏನಾಗುತ್ತದೆ ನೋಡಿ. ಎಷ್ಟು ಪುಟ? ಕನ್ನಡದಲ್ಲಾ ಇಂಗ್ಲಿಷಲ್ಲಾ? ಕೈಬರಹ ಆಗುತ್ತದಾ? ಯಾವಾಗ ಕೊಡಬೇಕು? ವಾಟ್ಸಾಪ್‌ನಲ್ಲಿ ಮೆಸೇಜ್ ಬರಲು ಶುರು. ವಾರದ ಕೊನೆಯ ಲೈವ್‌ನಲ್ಲಿ, ಇದನ್ನು ಬೇಕೆಂದೇ ಹೀಗೆ ಬರೆದೆ ಎಂದು ಹೇಳಿ, ಆ ಮೆಸೇಜುಗಳನ್ನೆಲ್ಲ ಹೆಸರು ತೆಗೆದು ಅವರ ಮುಂದಿಡಿ. ತಮ್ಮ ಹಳೆಯ ಅಸೈನ್‌ಮೆಂಟ್ ಪ್ರಶ್ನೆಗಳು ಇವುಗಳಲ್ಲಿ ಯಾವುದರ ಹಾಗಿವೆ ಎಂದು ಅವರೇ ನೋಡಿಕೊಳ್ಳುತ್ತಾರೆ. ನೀವು ಒಂದು ಮಾತೂ ಹೇಳಬೇಕಾಗಿಲ್ಲ.

ಇನ್ನೊಂದು ಷರತ್ತು. ಈ ವಾರದ ಎಲ್ಲ ಕೆಲಸ ಮೊಬೈಲ್‌ನಲ್ಲೇ ಆಗಬೇಕು, ಕಾಲೇಜಿನ ವೈಫೈ ಇಲ್ಲದೆ. ಎಷ್ಟು ಡೇಟಾ ಖರ್ಚಾಯಿತು ಎಂದು ಬರೆದಿಡಲು ಹೇಳಿ. ಪಿಡಿಎಫ್ ಮೊಬೈಲ್‌ನಲ್ಲಿ ತೆರೆದಾಗ ಅಕ್ಷರ ಎಷ್ಟು ಸಣ್ಣದು, ಎರಡು ಬೆರಳಿಂದ ದೊಡ್ಡದು ಮಾಡಿ ಪಕ್ಕಕ್ಕೆ ಎಳೆದು ಎಳೆದು ಓದುವುದು ಎಷ್ಟು ಕಷ್ಟ ಎಂದು ಅನುಭವಿಸಿದವರು ಮುಂದೆ ಸ್ಕ್ಯಾನ್ ಮಾಡಿದ ನಲವತ್ತು ಪುಟ ಹಾಕುವುದಿಲ್ಲ.

ಎರಡನೇ ವಾರ: ಕೊನೆಯಿಂದ ಶುರು ಮಾಡುವುದು

ಈಗ ಅವರ ವಿಷಯಕ್ಕೆ ಬನ್ನಿ. ನಮ್ಮಲ್ಲಿ ಯೂನಿಟ್ ಎಂದರೆ ಪೋರ್ಷನ್. ಮುಗಿಸಬೇಕು, ಅಷ್ಟೇ. ಆ ಅಭ್ಯಾಸ ಬಿಡಿಸಲು ಒಂದೇ ಪ್ರಶ್ನೆ ಸಾಕು: ಈ ವಾರ ಮುಗಿದ ಮೇಲೆ ನಿಮ್ಮ ವಿದ್ಯಾರ್ಥಿ, ಮೊದಲು ಮಾಡಲಾಗದ ಯಾವ ಕೆಲಸವನ್ನು ಮಾಡಬಲ್ಲ? ಅದನ್ನು ಮೊದಲು ಬರೆದುಕೊಳ್ಳಬೇಕು. ಆಮೇಲೆ ಅದು ಬಂದಿದೆ ಎಂದು ಯಾವ ಕೆಲಸದಿಂದ ಗೊತ್ತಾಗುತ್ತದೆ ಎಂದು ಯೋಚಿಸಬೇಕು. ಪಾಠ, ವಿಡಿಯೊ, ಓದು ಎಲ್ಲ ಕೊನೆಗೆ. ಗ್ರಾಂಟ್ ವಿಗಿನ್ಸ್, ಜೇ ಮ್ಯಾಕ್‌ಟೈ ಎಂಬ ಅಮೆರಿಕದ ಇಬ್ಬರು ಶಿಕ್ಷಣ ತಜ್ಞರು 1998ರಲ್ಲಿ ಈ ಹಿಮ್ಮುಖ ಕ್ರಮವನ್ನು ಬಿಡಿಸಿ ಹೇಳಿದರು. ಗುರಿ, ಚಟುವಟಿಕೆ, ಪರೀಕ್ಷೆ ಮೂರೂ ಒಂದೇ ಸಾಲಿನಲ್ಲಿರಬೇಕು ಎಂದು ಜಾನ್ ಬಿಗ್ಸ್ 1996ರಲ್ಲೇ ವಾದಿಸಿದ್ದರು.

ಹೆಸರುಗಳಿಗಿಂತ ಉದಾಹರಣೆ ಕೆಲಸ ಮಾಡುತ್ತದೆ. ಒಬ್ಬ ಕಾಮರ್ಸ್ ಲೆಕ್ಚರರ್ ಬ್ಯಾಂಕಿಂಗ್ ಯೂನಿಟ್ ತೆಗೆದುಕೊಂಡಿದ್ದಾರೆ ಅಂದುಕೊಳ್ಳಿ. ಅವರು ಮೊದಲು ಬರೆಯುವುದು ಹೀಗೆ: "ವಿದ್ಯಾರ್ಥಿಗಳು ಭಾರತದ ಬ್ಯಾಂಕಿಂಗ್ ಬೆಳವಣಿಗೆಯನ್ನು ಅರ್ಥ ಮಾಡಿಕೊಳ್ಳುತ್ತಾರೆ." ಕೇಳಿ: ಅರ್ಥವಾಯಿತು ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ ಸರ್? ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ನೀವೂ ಸುಮ್ಮನಿರಿ, ಉತ್ತರ ಹೇಳಿಕೊಡಬೇಡಿ.

ಆಮೇಲೆ ಅವರ ಸುತ್ತಲಿನ ಊರನ್ನೇ ನೋಡಲು ಹೇಳಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಎಂಬ ದಿನದಿನದ ಸಣ್ಣ ಉಳಿತಾಯ ಶುರು ಮಾಡಿತು, ಏಜೆಂಟ್ ದಿನಾ ಬಾಗಿಲಿಗೇ ಬಂದು ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಿದ್ದ. ಇವತ್ತೂ ನಮ್ಮ ಮೀನು ಮಾರ್ಕೆಟ್‌ನಲ್ಲಿ, ಗೂಡಂಗಡಿಯಲ್ಲಿ ಪಿಗ್ಮಿ ಕಟ್ಟುವವರು ಇದ್ದಾರೆ. ಈಗ ಗುರಿ ಹೀಗೆ ಬದಲಾಗುತ್ತದೆ: "ದಿನಾ ದುಡಿದು ದಿನಾ ಖರ್ಚು ಮಾಡುವ ಒಬ್ಬರಿಗೆ ಪಿಗ್ಮಿ ಒಳ್ಳೆಯದಾ, ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಒಳ್ಳೆಯದಾ ಎಂದು ವಿದ್ಯಾರ್ಥಿ ಲೆಕ್ಕ ಸಮೇತ ಸಲಹೆ ಕೊಡಬಲ್ಲ." ಅದಕ್ಕೆ ಕೆಲಸ ತಾನಾಗಿಯೇ ಹುಟ್ಟುತ್ತದೆ. ಪಿಗ್ಮಿ ಕಟ್ಟುವ ಒಬ್ಬರನ್ನು ಮಾತಾಡಿಸು, ದಿನಕ್ಕೆ ಐವತ್ತು ರೂಪಾಯಿಯಂತೆ ವರ್ಷಕ್ಕೆ 18,250 ಆಗುತ್ತದೆ, ಬಡ್ಡಿ ಎಷ್ಟು, ಮಧ್ಯದಲ್ಲಿ ತೆಗೆದರೆ ಎಷ್ಟು ಕಡಿತ, ಏಜೆಂಟ್ ಮನೆಗೆ ಬರದಿದ್ದರೆ ಅವರು ಉಳಿಸುತ್ತಿದ್ದರಾ ಎಂದು ಕೇಳು, ಒಂದು ಪುಟದ ಸಲಹೆ ಬರೆ. ಇತಿಹಾಸವೂ ಬಂತು, ಬಡ್ಡಿ ಲೆಕ್ಕವೂ ಬಂತು. ಬ್ಯಾಂಕಿಂಗ್ ಬೆಳವಣಿಗೆಯ ವರ್ಷಗಳ ಪಟ್ಟಿ ಈಗ ಓದಿನ ಭಾಗಕ್ಕೆ ಹೋಗುತ್ತದೆ.

ಕಲಿಕೆಯ ಗುರಿಗಳನ್ನು ಹಂತ ಹಂತವಾಗಿ ಜೋಡಿಸಿದ ಬ್ಲೂಮ್ ಪಟ್ಟಿಯ ಬಗ್ಗೆ ಒಂದು ಎಚ್ಚರಿಕೆ. 1956ರಲ್ಲಿ ಬಂದದ್ದು, 2001ರಲ್ಲಿ ಪರಿಷ್ಕಾರವಾದದ್ದು: ನೆನಪು, ಅರ್ಥ, ಬಳಕೆ, ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ ಎಂಬ ಆರು ಹಂತ. ಉಪಯೋಗಕ್ಕೆ ಬರುತ್ತದೆ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲಿಗೆಂದು ಅದರಿಂದ ಕ್ರಿಯಾಪದ ಹೆಕ್ಕಿ ವಾಕ್ಯದ ಕೊನೆಗೆ ಅಂಟಿಸುವ ಅಭ್ಯಾಸ ಮಾತ್ರ ಜಾಸ್ತಿ ಆಗಿಬಿಟ್ಟಿದೆ. "ವಿಶ್ಲೇಷಿಸುತ್ತಾರೆ" ಎಂದು ಬರೆದು ಪರೀಕ್ಷೆಯಲ್ಲಿ "ಪಟ್ಟಿ ಮಾಡಿ" ಎಂದು ಕೇಳಿದರೆ ಏನು ಪ್ರಯೋಜನ? ಗುರಿಯನ್ನೂ ಪ್ರಶ್ನೆಯನ್ನೂ ಅಕ್ಕಪಕ್ಕದ ಎರಡು ಕಾಲಂನಲ್ಲಿ ಬರೆಸಿ, ಜೋಡಿಯ ಇನ್ನೊಬ್ಬರ ಕೈಯಲ್ಲಿ ಓದಿಸಿ.

ಮೂರು, ನಾಲ್ಕನೇ ವಾರ: ವಿಡಿಯೊ ಮತ್ತು ಓದು

ಇಲ್ಲಿ ಎಲ್ಲರೂ ಹುರುಪಿನಲ್ಲಿರುತ್ತಾರೆ, ಹಾಗಾಗಿಯೇ ಹಿಡಿತ ಬೇಕು. ಒಂದು ಗಂಟೆಯ ಕ್ಲಾಸನ್ನು ರೆಕಾರ್ಡ್ ಮಾಡಿ ಹಾಕಿದರೆ ಆನ್‌ಲೈನ್ ಕೋರ್ಸ್ ಆಯಿತು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ವೇದಿಕೆಯ ನಾಲ್ಕು ಕೋರ್ಸುಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಫಿಲಿಪ್ ಗುವೊ ಮತ್ತು ಅವರ ಜೊತೆಯವರು 2014ರಲ್ಲಿ ಪರಿಶೀಲಿಸಿದರು. ವಿಡಿಯೊ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ಜನ ನೋಡುವುದು ಹೆಚ್ಚೆಂದರೆ ಆರು ನಿಮಿಷ. ಇನ್ನೊಂದು ವಿಷಯವೂ ಅಲ್ಲಿ ಕಂಡಿತು: ತರಗತಿಯ ಹಳೆಯ ರೆಕಾರ್ಡಿಂಗನ್ನು ತುಂಡು ತುಂಡು ಮಾಡಿ ಹಾಕಿದರೂ ಅದು ಹಿಡಿಸುವುದಿಲ್ಲ, ಆನ್‌ಲೈನ್‌ಗೆಂದೇ ಮಾಡಿದ್ದು ಹಿಡಿಸುತ್ತದೆ. ಆದ್ದರಿಂದ ನಿಯಮ ಇದು: ಒಂದು ಪ್ರಶ್ನೆಗೆ ಒಂದು ವಿಡಿಯೊ, ಆರು ನಿಮಿಷದೊಳಗೆ.

ಆರು ನಿಮಿಷಕ್ಕೆ ಸ್ಕ್ರಿಪ್ಟ್ ಬರೆಸಿ, ಬಾಯಿಗೆ ಬಂದ ಹಾಗೆ ಬೇಡ. ಪತ್ರಿಕೋದ್ಯಮ ಪಾಠ ಮಾಡುವ ಮೇಡಂ ಒಬ್ಬರು ಮಂಗಳೂರು ಸಮಾಚಾರದ ಬಗ್ಗೆ ವಿಡಿಯೊ ಮಾಡುತ್ತಾರೆ ಎಂದಿಟ್ಟುಕೊಳ್ಳಿ. "ಎಲ್ಲರಿಗೂ ನಮಸ್ಕಾರ, ಇವತ್ತಿನ ತರಗತಿಯಲ್ಲಿ ನಾವು..." ಎಂದು ಶುರುವಾದರೆ ಮೊದಲ ನಿಮಿಷ ಹೋಯಿತು. "1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಬಂತು. ಆಗ ಕನ್ನಡ ಓದಬಲ್ಲವರೇ ಕಡಿಮೆ. ಮತ್ತೆ ಅದನ್ನು ಯಾರಿಗಾಗಿ ಹೊರಡಿಸಿದರು?" ಎಂದು ಕೇಳಿದರೆ ಮಕ್ಕಳು ನಿಲ್ಲುತ್ತಾರೆ. ನಂತರ ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್ ಯಾರು, ಕಲ್ಲಚ್ಚಿನಲ್ಲಿ ಮುದ್ರಿಸುವುದು ಎಂದರೇನು, ಅದರಲ್ಲಿ ಎಂಥ ಸುದ್ದಿ ಇರುತ್ತಿತ್ತು, ಇಷ್ಟೇ. ಕೊನೆಗೆ ಉತ್ತರ ಕೊಡದೆ ಓದಿಗೆ ಕಳುಹಿಸಬೇಕು. ಒಂದು ಪುಟ ಸ್ಕ್ರಿಪ್ಟನ್ನು ಜೋರಾಗಿ ಓದಿ ಗಡಿಯಾರ ನೋಡಲು ಹೇಳಿ. ಜಾಸ್ತಿ ಆದರೆ ಕತ್ತರಿ.

ಚಿತ್ರಕ್ಕಿಂತ ಧ್ವನಿ ಮುಖ್ಯ. ಮುಖ ಸ್ವಲ್ಪ ಮಸುಕಾದರೆ ನಡೆಯುತ್ತದೆ, ಮಾತು ಕೇಳಿಸದಿದ್ದರೆ ಬಿಟ್ಟುಹೋಗುತ್ತಾರೆ. ಶೀಟಿನ ಮಾಡಿನ ಕೆಳಗೆ ಮಳೆಯಲ್ಲಿ ರೆಕಾರ್ಡ್ ಮಾಡುವ ಹಾಗಿಲ್ಲ. ಎನ್‌ಎಚ್ 66ರ ಪಕ್ಕದ ಕಾಲೇಜಾದರೆ ಬಸ್ಸಿನ ಹಾರ್ನ್ ತಪ್ಪುವುದಿಲ್ಲ. ಬೆಳಿಗ್ಗೆ ಬೇಗ, ಕಿಟಕಿ ಮುಚ್ಚಿ, ಪುಸ್ತಕದ ಕಪಾಟು, ಬಟ್ಟೆ, ಪರದೆ ಇರುವ ಕೋಣೆಯಲ್ಲಿ, ಮೊಬೈಲ್‌ನ ಇಯರ್‌ಫೋನ್ ಮೈಕ್ ಕಾಲರ್ ಹತ್ತಿರ ಸಿಕ್ಕಿಸಿಕೊಂಡು ಮಾಡಿದರೆ ಸಾಕು. ದುಬಾರಿ ಕ್ಯಾಮೆರಾ ಬೇಡ.

ಓದಿನ ವಿಷಯದಲ್ಲಿ ಕನ್ನಡ ಲೆಕ್ಚರರ್‌ಗಳಿಗೆ ಒಂದು ವಿಶೇಷ ಮಾತು. ಹಳೆಯ ನೋಟ್ಸ್ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿರುತ್ತದೆ. ಅದನ್ನು ಹಾಗೇ ಆನ್‌ಲೈನ್ ಪೇಜಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಸ್ಕ್ರೀನ್ ರೀಡರ್ ಅದನ್ನು ಓದಲಾರದು. ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಬೇಕು, ಅದಕ್ಕೆ ಉಚಿತ ಪರಿವರ್ತಕಗಳಿವೆ, ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ನೋಡಿಕೊಳ್ಳಬೇಕು. ತರಬೇತಿಯಲ್ಲಿ ಒಂದು ಸಲ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಹಾಕಿ, ಯೂನಿಕೋಡ್ ಪುಟವನ್ನೂ ಸ್ಕ್ಯಾನ್ ಮಾಡಿದ ಪುಟವನ್ನೂ ಅದರಿಂದ ಓದಿಸಿ ಕೇಳಿಸಿ. ಮೊದಲನೆಯದು ಮಾತಾಡುತ್ತದೆ, ಎರಡನೆಯದು ಮೌನ. ಈ ಐದು ನಿಮಿಷ ಯಾರೂ ಮರೆಯುವುದಿಲ್ಲ. ವಿಡಿಯೊಗೆ ಕ್ಯಾಪ್ಷನ್ ಹಾಕುವುದೂ ಇದೇ ಕಾರಣಕ್ಕೆ, ಸ್ಕ್ರಿಪ್ಟ್ ಬರೆದಿದ್ದರೆ ಅರ್ಧ ಕೆಲಸ ಆಗಲೇ ಆಗಿರುತ್ತದೆ.

ಬೇರೆಯವರ ವಿಡಿಯೊ ಡೌನ್‌ಲೋಡ್ ಮಾಡಿ ತಮ್ಮ ಕೋರ್ಸಿಗೆ ಹಾಕುವ ಹಾಗಿಲ್ಲ, ಲಿಂಕ್ ಕೊಡಬಹುದು. ಚಿತ್ರಗಳಿಗೆ ಕ್ರಿಯೇಟಿವ್ ಕಾಮನ್ಸ್ (ಬೇರೆಯವರೂ ಬಳಸಲು ಬಿಡುವ) ಪರವಾನಗಿ ನೋಡಲು ಕಲಿಸಿ. ಅದಕ್ಕಿಂತ ಸುಲಭ, ತಾವೇ ಫೋಟೊ ತೆಗೆಯುವುದು.

ಐದನೇ ವಾರ: ಚರ್ಚೆ, ಕ್ವಿಜ್, ವಾಟ್ಸಾಪ್

ಸ್ವಯಂ ಕೋರ್ಸುಗಳಿಗೆ ನಾಲ್ಕು ಭಾಗ ಇರಬೇಕೆಂಬ ನಿಯಮ ಇದೆ: ವಿಡಿಯೊ, ಓದು, ಚರ್ಚೆ, ಮೌಲ್ಯಮಾಪನ. ನಮ್ಮವರು ಮೊದಲ ಎರಡರಲ್ಲಿ ಸುಸ್ತಾಗಿ ಚರ್ಚೆಯನ್ನು ಹೆಸರಿಗೆ ಇಡುತ್ತಾರೆ. "ಬ್ಯಾಂಕುಗಳ ಮಹತ್ವವನ್ನು ಚರ್ಚಿಸಿ" ಎಂದರೆ ಅರವತ್ತು ಜನರೂ ಒಂದೇ ಉತ್ತರ ಹಾಕುತ್ತಾರೆ, ಈಗಂತೂ ಚಾಟ್‌ಜಿಪಿಟಿ ಬರೆದುಕೊಡುತ್ತದೆ. "ನಿಮ್ಮ ಮನೆಯಲ್ಲಿ ಮೊದಲು ಬ್ಯಾಂಕ್ ಖಾತೆ ತೆರೆದವರು ಯಾರು, ಯಾವಾಗ, ಯಾಕೆ?" ಎಂದು ಕೇಳಿ. ಅಜ್ಜಿಯನ್ನು ಕೇಳಲೇಬೇಕು. ಉತ್ತರಗಳು ಒಂದೊಂದು ತರಹ ಇರುತ್ತವೆ, ಒಬ್ಬರದ್ದನ್ನು ಇನ್ನೊಬ್ಬರು ಓದುತ್ತಾರೆ. ಲೆಕ್ಚರರ್ ಎಲ್ಲರಿಗೂ ಉತ್ತರ ಬರೆಯಬೇಕಾಗಿಲ್ಲ. ಎರಡು ದಿನದೊಳಗೆ ಒಮ್ಮೆ ತಲೆ ಹಾಕಿ, ವಾರದ ಕೊನೆಗೆ ನಾಲ್ಕೈದು ಮಕ್ಕಳ ಮಾತನ್ನು ಹೆಸರು ಸಮೇತ ಹೇಳಿ ಒಂದು ಟಿಪ್ಪಣಿ ಬರೆದರೆ ಸಾಕು. ನಮ್ಮನ್ನು ಯಾರೋ ಓದುತ್ತಿದ್ದಾರೆ ಎಂದು ಗೊತ್ತಾಗಬೇಕು ಮಕ್ಕಳಿಗೆ, ಅದು ಮುಖ್ಯ.

ಕ್ವಿಜ್ ಅಂಕಕ್ಕಲ್ಲ, ಕಲಿಕೆಗೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ ಹಾಗೆ, ಓದಿದ್ದನ್ನೇ ಮತ್ತೆ ಮತ್ತೆ ಓದುವವರಿಗಿಂತ ನೆನಪಿನಿಂದ ಹೊರತೆಗೆದು ಪರೀಕ್ಷಿಸಿಕೊಂಡವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿರುತ್ತದೆ. ಎಷ್ಟು ಸಲ ಬೇಕಾದರೂ ಮಾಡಲು ಬಿಡಿ. ತಪ್ಪು ಆಯ್ಕೆಗಳನ್ನು ಎಲ್ಲಿಂದ ತರಬೇಕು ಗೊತ್ತಾ? ಹಳೆಯ ಉತ್ತರ ಪತ್ರಿಕೆಗಳಿಂದ. ಮಕ್ಕಳು ನಿಜವಾಗಿ ಮಾಡುವ ತಪ್ಪುಗಳನ್ನು ಲೆಕ್ಚರರ್‌ಗಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಪ್ರತಿ ತಪ್ಪು ಆಯ್ಕೆಗೂ "ನೀವು ಇಲ್ಲಿ ಸರಳ ಬಡ್ಡಿ ಹಾಕಿದ್ದೀರಿ, ಆರ್‌ಡಿಗೆ ಹಾಗಾಗುವುದಿಲ್ಲ" ಎಂಬಂಥ ಒಂದು ಸಾಲು ಬರೆಸಿ. ಹತ್ತು ಪ್ರಶ್ನೆಗೆ ಒಂದು ಸಂಜೆ ಬೇಕಾಗುತ್ತದೆ, ಆದರೆ ಅದು ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ.

ವಾಟ್ಸಾಪ್ ಬರೀ ಸೂಚನೆಗೆ. ಅಸೈನ್‌ಮೆಂಟ್ ಅಲ್ಲಿ ತೆಗೆದುಕೊಂಡರೆ ಹುಡುಕಿ ಸಾಕಾಗುತ್ತದೆ. ಇನ್ನೊಂದು, ಗ್ರೂಪಿಗೆ ಸೇರಿಸಿದರೆ ಹುಡುಗಿಯರ ನಂಬರ್ ಇಡೀ ತರಗತಿಗೆ ಗೊತ್ತಾಗುತ್ತದೆ. ಕೇಳಿಯೇ ಸೇರಿಸಬೇಕು, ಬೇಡ ಎಂದವರಿಗೆ ಇಮೇಲ್ ಇರಬೇಕು.

ಆರನೇ ವಾರ: ಒಬ್ಬರದ್ದನ್ನು ಇನ್ನೊಬ್ಬರು ನೋಡುವುದು

ಇದು ಸೂಕ್ಷ್ಮ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರು ಎಚ್‌ಒಡಿಯ ಪಾಠವನ್ನು ತಿದ್ದಬೇಕು ಎಂದರೆ ಏನು ಬರೆಯುತ್ತಾರೆ? "ಸರ್, ತುಂಬಾ ಲಾಯ್ಕ ಉಂಟು." ಮುಗಿಯಿತು. ಅವರನ್ನು ಬೈದು ಪ್ರಯೋಜನವಿಲ್ಲ, ನಮ್ಮ ಕಡೆ ಹಿರಿಯರಿಗೆ ತಪ್ಪು ಹೇಳುವ ರೂಢಿ ಇಲ್ಲ.

ಅದಕ್ಕೆ ದಾರಿ ಇದು. ಅಭಿಪ್ರಾಯ ಕೇಳಲೇಬೇಡಿ. ವಿದ್ಯಾರ್ಥಿಯಾಗಿ ಪಾಠ ಮಾಡಿ, ನಡೆದದ್ದನ್ನು ಮಾತ್ರ ಬರೆಯಲು ಹೇಳಿ. "ನಾನು ಎರಡನೇ ವಿಡಿಯೊ ಆದ ಮೇಲೆ ನಿಂತೆ, ಮುಂದೆ ಏನು ಮಾಡಬೇಕು ಗೊತ್ತಾಗಲಿಲ್ಲ." "ಅಸೈನ್‌ಮೆಂಟ್‌ಗೆ ನನಗೆ ಎರಡು ಗಂಟೆ ಬೇಕಾಯಿತು." "ಈ ಪದ ಮೊದಲು ಎಲ್ಲೂ ಬಂದಿರಲಿಲ್ಲ." ಇದರಲ್ಲಿ ಯಾರ ತಪ್ಪೂ ಇಲ್ಲ, ನಡೆದದ್ದು ಮಾತ್ರ ಇದೆ. ಹಿರಿಯರಿಗೂ ನೋವಾಗುವುದಿಲ್ಲ, ಕಿರಿಯರಿಗೂ ಧೈರ್ಯ ಬರುತ್ತದೆ. ತಿದ್ದುವುದು ತಾನಾಗಿಯೇ ಆಗುತ್ತದೆ.

ಆಮೇಲೆ ಮೂವರು ನಿಜವಾದ ವಿದ್ಯಾರ್ಥಿಗಳು. ಫಸ್ಟ್ ಬೆಂಚಿನವರನ್ನೇ ಆರಿಸಬೇಡಿ. ಒಬ್ಬರಾದರೂ ಬೆಳ್ತಂಗಡಿ, ಹೆಬ್ರಿ ಒಳಗಿನ ಊರಿನವರು, ಮೊಬೈಲ್ ಮಾತ್ರ ಇರುವವರು ಇರಲಿ. ಪಕ್ಕದಲ್ಲಿ ಕೂರಿಸಿ ಅವರ ಸ್ವಂತ ಮೊಬೈಲ್‌ನಲ್ಲಿ ಪಾಠ ತೆರೆಯಲು ಹೇಳಿ. ಲೆಕ್ಚರರ್ ಬಾಯಿ ಬಿಡಬಾರದು. ತುಂಬಾ ಕಷ್ಟ ಇದು, ಕೈ ತಾನಾಗಿಯೇ ಮೊಬೈಲ್ ಕಡೆ ಹೋಗುತ್ತದೆ. "ಮೇಡಂ, ಇಲ್ಲಿ ಒತ್ತಬೇಕಾ?" ಎಂದು ಕೇಳಿದರೆ ಉತ್ತರ ಹೇಳದೆ ಬರೆದುಕೊಳ್ಳಬೇಕು, ಯಾಕೆಂದರೆ ಆ ಪ್ರಶ್ನೆ ಕೇಳಿದ ಜಾಗದಲ್ಲಿ ಒಂದು ಸಾಲು ಸೂಚನೆ ಕಮ್ಮಿ ಆಗಿದೆ. ಎಲ್ಲಿ ಬೆರಳು ನಿಂತಿತು, ಎಲ್ಲಿ ಹಿಂದೆ ಹೋದರು, ಯಾವ ವಿಡಿಯೊವನ್ನು ನೋಡದೆ ಮುಂದಕ್ಕೆ ಓಡಿಸಿದರು, ಅದೆಲ್ಲ ಬರೆದಿಟ್ಟು ಆ ವಾರದಲ್ಲೇ ಸರಿ ಮಾಡಬೇಕು. ಹೀಗೆ ನೋಡಿದ ಮೇಲೆ ಲೆಕ್ಚರರ್‌ಗಳು ಬದಲಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಮ್ಮ ಯಾವ ಭಾಷಣವೂ ಅಷ್ಟು ಕೆಲಸ ಮಾಡುವುದಿಲ್ಲ.

ಸರ್ಟಿಫಿಕೇಟ್ ಮತ್ತು ಆಮೇಲಿನದು

ಸರ್ಟಿಫಿಕೇಟ್ ಹಾಜರಾತಿಗೆ ಕೊಡಬೇಡಿ, ತಯಾರಾದ ಪಾಠಕ್ಕೆ ಕೊಡಿ. ಪ್ರಮೋಷನ್‌ಗೆ ಬೇಕಾಗುತ್ತದೆ ಎಂದು ಒತ್ತಡ ಬರುತ್ತದೆ, ಮೊದಲ ದಿನವೇ ಹೇಳಿಬಿಟ್ಟಿದ್ದರೆ ಜಗಳ ಇರುವುದಿಲ್ಲ. ತಡವಾದವರಿಗೆ ಇನ್ನೂ ಹದಿನೈದು ದಿನ ಕೊಡಿ, ಮನೆಯಲ್ಲಿ ಏನೇನೋ ಇರುತ್ತದೆ.

ಪ್ರತಿಯೊಬ್ಬರ ಪಾಠದ ಬ್ಯಾಕಪ್ ತೆಗೆದು ಅವರಿಗೇ ಕೊಡಿ. ಮೂಡಲ್‌ನಲ್ಲಿ ಇಡೀ ಕೋರ್ಸನ್ನು ಒಂದೇ ಫೈಲಾಗಿ ಇಳಿಸಿಕೊಳ್ಳಬಹುದು, ಗೂಗಲ್ ಆದರೆ ಡ್ರೈವ್ ಫೋಲ್ಡರಿನ ಪ್ರತಿ ಅವರ ಸ್ವಂತ ಖಾತೆಗೆ ಹೋಗಬೇಕು. ಕಾಲೇಜಿನ ಇಮೇಲ್ ಮುಚ್ಚಿದರೆ ಎಲ್ಲ ಹೋಗುತ್ತದೆ ಎಂದು ಎಚ್ಚರಿಸಿ.

ಮುಂದಿನ ಸೆಮಿಸ್ಟರ್‌ನಲ್ಲಿ ಆ ಪಾಠವನ್ನು ತರಗತಿಗೆ ಬಳಸಿದ ಮೇಲೆ ಒಂದು ಸಂಜೆ ಎಲ್ಲರನ್ನೂ ಸೇರಿಸಿ, ಚಹಾ, ಗೋಳಿಬಜೆ ಜೊತೆ, ಸಾಧ್ಯವಾದರೆ ಮುಖಾಮುಖಿ. ಒಬ್ಬೊಬ್ಬರೂ ಎರಡೇ ಎರಡು ಕಾಗದ ತರಲಿ: ಕ್ವಿಜ್‌ನಲ್ಲಿ ಅತಿ ಹೆಚ್ಚು ಜನ ತಪ್ಪು ಮಾಡಿದ ಪ್ರಶ್ನೆ, ಮತ್ತು ಒಬ್ಬ ವಿದ್ಯಾರ್ಥಿಯ ಅಸೈನ್‌ಮೆಂಟ್, ಹೆಸರು ತೆಗೆದು. ಅಲ್ಲಿಂದ ಎರಡನೇ ಪಾಠದ ಕೆಲಸ ಶುರು ಮಾಡಿ. ಈ ಸಲ ಜೋಡಿಗಳನ್ನು ಅವರೇ ಆರಿಸಿಕೊಳ್ಳಲಿ.